ಬೂದುಬೆಕ್ಕಿನ ಪಟ್ಟ

ತಿಬುರ್ಸಿಯೊ ಕಚೇರಿ ಮೇಜಿನ ಮೇಲೆಯೇ ಊಟಕ್ಕೆ ಕೂತದ್ದು ತಪ್ಪಾಯಿತು. ಟಾಕೋ ರೊಟ್ಟಿಯಿಂದ ಜಾರಿದ ಖಾರದ ಚಟ್ನಿ ನೆಟ್ಟಗೆ ಹೋಗಿ ತೊರ್ರೆಯೋನ್ ಊರಿನ ಮಹಿಳಾ ಕುಸ್ತಿ ಪಟ್ಟದ ದಫ್ತರಿನ ಮೊದಲ ಸಾಲಿಗೇ ಬಿತ್ತು. ಒರೆಸಿದ, ಚಟ್ನಿಯ ಜೊತೆ ಮೊದಲು ಗೆದ್ದವಳ ಹೆಸರೂ ಹೋಯಿತು. ಉಳಿದದ್ದು ೧೯೫೭ ಎಂಬ ಇಸವಿ ಮಾತ್ರ.

ಅವನು ಕುಸ್ತಿ ಅಖಾಡದ ಗುಮಾಸ್ತ. ಅಂದು ಸಂಜೆ ಪಟ್ಟದ ನಲವತ್ತನೇ ವರ್ಷದ ಸಮಾರಂಭ. ಗೆದ್ದ ಹದಿನೇಳು ಹೆಂಗಸರ ಹೆಸರನ್ನು ಮೈಕಿನಲ್ಲಿ ಓದಬೇಕಾದವನೂ ಅವನೇ.

ಆ ಹೆಸರು ಕೇಳಲು ಮಾರುಕಟ್ಟೆಗೆ ಓಡಿದ. ಅಲ್ಲಿ ಚೀಸ್ ಮಾರುವ ದೊನ್ಯಾ ತೊಮಾಸಾ ಹಳೇ ಕುಸ್ತಿಗಾರ್ತಿ.

“ಮೊದಲನೇ ಚಾಂಪಿಯನ್ನಾ? ಎದುರಿಗೇ ನಿಂತಿದೀನಲ್ಲೋ, ಕಣ್ಣು ಎಲ್ಲಿಟ್ಟಿದೀಯ?”

ಪಕ್ಕದಂಗಡಿಯಿಂದ ದರ್ಜಿ ದೊನ್ಯಾ ಕ್ರೆಸೆನ್ಸಿಯಾ ಕತ್ತರಿ ಸಮೇತ ಬಂದಳು. ಅವಳೂ ಅದೇ ಕಾಲದ ಜಟ್ಟಿ. “ಇವಳಾ? ನಾಲ್ಕೇ ನಿಮಿಷಕ್ಕೆ ಮಣ್ಣು ಮುಕ್ಕಿಸಿದ್ದೆ. ನನ್ನ ಹೆಸರು ಬರ್ಕೊಳ್ಳೋ!”

ಮರುಕ್ಷಣ ಒಂದು ಚೀಸ್ ಗುಂಡು ತಿಬುರ್ಸಿಯೊನ ಕಿವಿ ಸವರಿಕೊಂಡು ಹೋಯಿತು. ಕ್ಷೌರಿಕ ತೊಮಾಸಾಳ ಕಡೆ ಸೇರಿದ, ಔಷಧಿ ಅಂಗಡಿಯವನು ಕ್ರೆಸೆನ್ಸಿಯಾಳ ಕಡೆ. ಮಾರುಕಟ್ಟೆಗೆ ಮಾರುಕಟ್ಟೆಯೇ ಮದುವೆ ದಿಬ್ಬಣದಂತೆ ಅವನ ಬೆನ್ನು ಹತ್ತಿ ಅಖಾಡಕ್ಕೆ ಬಂತು.

ಮೈಕಿನ ಮುಂದೆ ನಿಂತಾಗ ಮುದುಕಿಯರಿಬ್ಬರೂ ಮುಂದಿನ ಸಾಲಿನಲ್ಲಿ ಕೂತು ನೆಟಿಕೆ ಮುರಿಯುತ್ತಿದ್ದರು. ತಿಬುರ್ಸಿಯೊನ ಬಾಯಿಂದ ತಾನಾಗಿ ಮಾತು ಹೊರಬಿತ್ತು:

“ಮೊದಲ ಚಾಂಪಿಯನ್, ಮುಖವಾಡದ ಬೂದುಬೆಕ್ಕು! ಯಾರೆಂದು ಯಾರಿಗೂ ತಿಳಿಯಲಿಲ್ಲ. ಒಮ್ಮೆಯೂ ಸೋಲದೆ ಮಾಯವಾದಳು!”

ಕ್ಷೌರಿಕ ಕಣ್ಣೊರೆಸಿಕೊಂಡ. “ಅಯ್ಯೋ, ಏನ್ ಹಾರ್ತಿದ್ಳು!” ಅವಳ ಮಂಡಿಗೆ ತಾನೇ ಪಟ್ಟಿ ಕಟ್ಟಿದ್ದೆ ಎಂದ ಔಷಧಿಯವನು. ಮುದುಕಿಯರು ಮುಖ ಮುಖ ನೋಡಿಕೊಂಡರು. ತಾನು ಅಲ್ಲದಿದ್ದರೂ ಚಿಂತೆಯಿಲ್ಲ, ಅವಳಂತೂ ಅಲ್ಲವಲ್ಲ! “ಹೌದೌದು, ಬೆಕ್ಕೇ ಮೊದಲು,” ಎಂದರು ಒಕ್ಕೊರಲಿನಿಂದ.

ತಿಬುರ್ಸಿಯೊ ಬೆವರು ಒರೆಸಿಕೊಂಡ. ಅಷ್ಟರಲ್ಲಿ ಅಖಾಡದ ಮಾಲೀಕ ದೊನ್ ಫೋರ್ತಿನೊನ ತಾಯಿ ಜಪಮಾಲೆ ಪಕ್ಕಕ್ಕಿಟ್ಟು ಎದ್ದು ನಿಂತಳು.

“ನಲವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ. ಆ ಬೆಕ್ಕು ನಾನೇ.”

“ಅಮ್ಮಾ! ಚರ್ಚಿಗೆ ಹೋಗ್ತೀನಿ ಅಂತಿದ್ದೆಯಲ್ಲ!” ಎಂದು ಫೋರ್ತಿನೊ ಅವಳನ್ನು ತಬ್ಬಿಕೊಂಡು ಗೊಳೋ ಎಂದ.

ಬರೀ ಸುಳ್ಳು ಎನ್ನೋಣವೆಂದರೆ ತಿಬುರ್ಸಿಯೊ ಮೊದಲು ತನ್ನ ಸುಳ್ಳು ಒಪ್ಪಿಕೊಳ್ಳಬೇಕು.

“ನಾನು ಸೋತೇ ಇಲ್ಲ ಅಂತ ನೀನೇ ಓದಿದೆಯಲ್ಲಪ್ಪ,” ಎಂದಳು ಮುದುಕಿ. “ಅಂದ್ಮೇಲೆ ಪಟ್ಟ ಇನ್ನೂ ನಂದೇ. ಉಳಿದ ಹದಿನಾರು ಹೆಸರು ಹೊಡೆದುಹಾಕು.”

“ಅಮ್ಮ ಹೇಳಿದ ಹಾಗೆ ಮಾಡಯ್ಯಾ,” ಎಂದ ಮಾಲೀಕ.

ಆ ಹದಿನಾರರಲ್ಲಿ ಬದುಕಿದ್ದವರೆಲ್ಲ, ತೊಮಾಸಾ, ಕ್ರೆಸೆನ್ಸಿಯಾ ಸೇರಿ, ಅಲ್ಲೇ ಇದ್ದರು. ಈಗಿನ ಚಾಂಪಿಯನ್ ಸೊಂಟದ ಪಟ್ಟಿ ಬಿಚ್ಚಿ ಕೈಗೆ ಸುತ್ತಿಕೊಂಡಳು. ತೊಮಾಸಾ ತಿಬುರ್ಸಿಯೊನ ಬಲ ತೋಳು ಹಿಡಿದಳು, ಕ್ರೆಸೆನ್ಸಿಯಾ ಎಡ ತೋಳು. ಜನ್ಮದಲ್ಲಿ ಮೊದಲ ಸಲ ಇಬ್ಬರ ದನಿಯಲ್ಲೂ ಜೇನು ಸುರಿಯುತ್ತಿತ್ತು.

“ನೀನೇ ಮೊದಲು ಎತ್ತಿ ಒಗಿ, ತೊಮಾಸಾ.”

“ಛೆ ಛೆ, ನೀನೇ ಮೊದಲು ಕಣೇ.”