ತೊಟ್ಟಿಗೆ ಹಾಕಿದ ಬಿರಡೆ

ಹೊಸ ಮನೆಯಲ್ಲಿ ಲಫಾಯೆಲೆಯ ಕಣ್ಣಿಗೆ ಚುಚ್ಚುತ್ತಿದ್ದದ್ದು ಒಂದೇ ಒಂದು ವಸ್ತು, ಹಿತ್ತಿಲಿನ ತೊಟ್ಟಿ. ಮಳೆ ಬಂದಾಗ ಸೂರಿನ ನೀರೆಲ್ಲ ಅದಕ್ಕೆ ಬಂದು ಬೀಳುತ್ತಿತ್ತು. ಬಿದ್ದದ್ದು ಅಲ್ಲೇ ಇರುತ್ತಿತ್ತೇ? ಇಲ್ಲ. ತಳದಲ್ಲಿದ್ದ ಹೆಬ್ಬೆರಳು ಗಾತ್ರದ ತೂತಿನಿಂದ ಮೆಲ್ಲಮೆಲ್ಲಗೆ ಚರಂಡಿ ಸೇರಿ, ಮಾರನೆಯ ದಿನಕ್ಕೆ ತೊಟ್ಟಿ ಒಣಗಿ ನಿಂತಿರುತ್ತಿತ್ತು. ಇಷ್ಟು ದೊಡ್ಡ ತೊಟ್ಟಿ ಮಾಡಿ, ತಳಕ್ಕೇ ತೂತು ಕೊರೆದ ಮಹಾಮೇಧಾವಿ ಯಾರೆಂದು ತಿಳಿದಿದ್ದರೆ ಲಫಾಯೆಲೆ ಅವನಿಗೊಂದು ಶಾಲು ಹೊದೆಸಿ ಸನ್ಮಾನ ಮಾಡುತ್ತಿದ್ದ (ಶಾಲಿನೊಳಗೆ ಎರಡು ಗುದ್ದನ್ನೂ ಸೇರಿಸಿ).

ಸಮೋವಾ ದ್ವೀಪದಿಂದ ಕಡಲು ದಾಟಿ ಬಂದವರು ನೆಲೆಸಿದ್ದ ಮಾಂಗೆರೆಯ ಆ ಬೀದಿಯಲ್ಲಿ ಮೊದಲು ಹಲಗೆಯ ಹಳೆಯ ಮನೆಗಳಿದ್ದವು. ಒಂದೊಂದರ ಸುತ್ತ ಆಟದ ಮೈದಾನದಷ್ಟು ಹುಲ್ಲು. ಅವನ್ನೆಲ್ಲ ಕೆಡವಿ ಸಾಲುಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದರು. ಹುಲ್ಲು ಕುಡಿಯುತ್ತಿದ್ದ ನೀರನ್ನು ಸಿಮೆಂಟು ಕುಡಿಯುವುದಿಲ್ಲವಲ್ಲ, ಹಾಗಾಗಿ ಮನೆಗೊಂದು ತೊಟ್ಟಿ ಇರಲೇಬೇಕೆಂದು ನಗರಸಭೆಯ ಕಟ್ಟಳೆ. ಕೀಲಿಕೈ ಕೊಟ್ಟ ದಿನ ನಗರಸಭೆಯ ಹೆಣ್ಣುಮಗಳು ಬಂದು ಬಿಡಿಸಿ ಹೇಳಿದ್ದಳು: "ಜೋರು ಮಳೇಲಿ ನೀರನ್ನ ಸ್ವಲ್ಪ ಹೊತ್ತು ಹಿಡ್ಕೊಂಡು ನಿಧಾನಕ್ಕೆ ಬಿಡೋಕೆ ಇದು. ಇಲ್ದಿದ್ರೆ ಕೆಳಗಿನ ಮನೆಗಳಿಗೆಲ್ಲ ನುಗ್ಗತ್ತೆ. ಖಾಲಿ ಇರೋದೇ ಇದರ ಕೆಲಸ, ಸಾರ್."

"ಖಾಲಿ ಕೂತಿರೋಕೆ ನಮ್ಮನೇಲಿ ಈಗಾಗ್ಲೇ ಒಬ್ರಿದ್ದಾರಲ್ಲ," ಎಂದು ಅವನ ಹೆಂಡತಿ ಸಿಯೇನಿ ನಕ್ಕಳು. ಲಫಾಯೆಲೆ ಕಾರ್ಖಾನೆಯಿಂದ ನಿವೃತ್ತನಾಗಿ ಆಗಿನ್ನೂ ಸ್ವಲ್ಪ ದಿನವಾಗಿತ್ತು.

ಕೆಳಗಿನ ಮನೆ ಯಾರದೋ ಪರಕೀಯರದಲ್ಲ. ಇಳಿಜಾರಿನಲ್ಲಿ ಒಂದು ಮೆಟ್ಟಿಲು ತಗ್ಗಿಗಿದ್ದದ್ದು ಅವನ ಸ್ವಂತ ಅಣ್ಣ ಸೆತೆಫಾನೊನ ಮನೆ. ಸಮೋವಾದಿಂದ ತಮ್ಮನನ್ನು ಕರೆಸಿಕೊಂಡು, ಕೆಲಸ ಹಚ್ಚಿ, ಮದುವೆ ಮಾಡಿಸಿದವನು ಅವನೇ. ಭಾನುವಾರ ಚರ್ಚು ಮುಗಿಸಿ ಎರಡೂ ಸಂಸಾರ ಒಟ್ಟಿಗೆ ಕೂತು ಉಣ್ಣಬೇಕು ಎಂಬ ಆಸೆಯಿಂದಲೇ ಇಬ್ಬರೂ ಅಧಿಕಾರಿಗಳ ಬೆನ್ನು ಬಿದ್ದು ಪಕ್ಕಪಕ್ಕದ ಮನೆ ಹಿಡಿದಿದ್ದರು.

ಬೇಸಿಗೆ ಬಂತು. ಲಫಾಯೆಲೆ ನೆಟ್ಟಿದ್ದ ಕೆಸುವಿನ ಎಲೆಗಳು ಜೋತುಬಿದ್ದವು. ಅವನು ತನ್ನ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ದುಂಡಗೆ ಒಂದು ತುಂಡು ಕತ್ತರಿಸಿ ತೊಟ್ಟಿಯ ತೂತಿಗೆ ಜಡಿದ.

"ರೀ, ಆ ಹುಡುಗಿ ಅಷ್ಟು ಹೇಳಿ ಹೋಗಿದ್ದಾಳೆ. ಸುಮ್ನಿರಬಾರ್ದಾ?"

"ಅವಳಿಗೇನು ಗೊತ್ತು, ನಲ್ಲಿ ನೀರು ಕುಡಿದು ಬೆಳೆದವಳು. ನೀರು ತುಂಬಿದ ತೊಟ್ಟಿ ಮನೆಗೆ ಲಕ್ಷಣ ಕಣೆ."

"ಚಪ್ಪಲಿ ಕತ್ತರಿಸಿದ್ದು ಯಾವ ಲಕ್ಷಣ?"

ಮುಂದಿನ ಮಳೆಗೆ ತೊಟ್ಟಿ ತುಂಬಿತು. ಕೆಸುವು ಆನೆಕಿವಿಯಂತೆ ಅರಳಿತು. ಲಫಾಯೆಲೆ ಅರ್ಧ ಚಪ್ಪಲಿ ಮೆಟ್ಟಿಕೊಂಡೇ ಹಿತ್ತಿಲಲ್ಲಿ ಜಲಮಂತ್ರಿಯ ಗತ್ತಿನಲ್ಲಿ ಓಡಾಡಿದ. ಆ ಸಂಭ್ರಮ ಬಹಳ ದಿನ ಬಾಳಲಿಲ್ಲ. ಒಂದು ಶುಕ್ರವಾರ ಆಕಾಶವೇ ಕಳಚಿ ಬಿದ್ದಂತಹ ಮಳೆ ಸುರಿಯಿತು. ಮೊದಲೇ ತುಂಬಿ ಕೂತಿದ್ದ ತೊಟ್ಟಿ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ನೀರು ಮೇಲಿನಿಂದ ಉಕ್ಕಿ, ಅಂಗಳ ದಾಟಿ, ಇಳಿಜಾರು ಹಿಡಿದು, ಅಣ್ಣನ ಗ್ಯಾರೇಜಿಗೆ ನೇರ ನುಗ್ಗಿತು.

ಆ ಗ್ಯಾರೇಜಿನಲ್ಲಿ ಅಣ್ಣನ ಮಗಳ ಮದುವೆಯ ಸಾಮಾನೆಲ್ಲ ಇತ್ತು. ಸಮೋವಾದ ಅಪಿಯಾದಿಂದ ಬರುವ ನೆಂಟರಿಗಾಗಿ ತಂದಿದ್ದ ಹಾಸಿಗೆಗಳು ನೀರು ಕುಡಿದು ಹೆಣಭಾರವಾದವು. ಡಬ್ಬಿಗಳ ಮೇಲಿನ ಕಾಗದವೆಲ್ಲ ಕಿತ್ತುಬಂದು ತೇಲಿತು. ಯಾವುದರಲ್ಲಿ ಮೀನು, ಯಾವುದರಲ್ಲಿ ದನದ ಮಾಂಸ, ಯಾವುದರಲ್ಲಿ ಪೀಚ್ ಹಣ್ಣು ಎನ್ನುವುದು ಇನ್ನು ದೇವರಿಗೇ ಗೊತ್ತು.

"ಅಣ್ಣಾ, ಅದು... ತೊಟ್ಟಿ... ನಾನೇ..." ಎಂದು ಲಫಾಯೆಲೆ ತೊದಲಿದ.

ಸೆತೆಫಾನೊ ಪೊರಕೆಯಲ್ಲಿ ನೀರು ತಳ್ಳುತ್ತಾ, ತಲೆ ಎತ್ತದೆ, "ಪರವಾಗಿಲ್ಲ ಬಿಡು," ಎಂದ.

ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಲಫಾಯೆಲೆ ಮನೆಗೆ ಬಂದು ಬಿರಡೆ ಕಿತ್ತೆಸೆದ, ಆದರೆ ಆ 'ಪರವಾಗಿಲ್ಲ' ಎದೆಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು. ಭಾನುವಾರ ಸಿಯೇನಿ ತೆಂಗಿನಹಾಲಿನಲ್ಲಿ ಕೆಸುವಿನೆಲೆ ಬೇಯಿಸಿ ಎಲ್ಲರಿಗೂ ತಟ್ಟೆ ಹಾಕಿದಳು. ಕೆಳಗಿನ ಮನೆಯಿಂದ ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹುಟ್ಟಿದಾಗಿನಿಂದ ಬೆನ್ನಿಗಿದ್ದ ಅಣ್ಣನನ್ನು ಒಂದು ಚಪ್ಪಲಿ ತುಂಡಿಗೆ ಕಳೆದುಕೊಂಡೆನಲ್ಲ ಎಂದು ಅವನಿಗೆ ಅನ್ನ ಇಳಿಯಲಿಲ್ಲ. ಎರಡು ಸಲ ಬಡಿಸಿಕೊಂಡದ್ದು ನಿಜ, ಆದರೆ ರುಚಿ ಹತ್ತಲಿಲ್ಲ.

ಕೊನೆಗೆ ಅವನು ಒಂದು ನಿರ್ಧಾರಕ್ಕೆ ಬಂದ: ಸಮೋವಾದ ಪದ್ಧತಿಯಂತೆ ಇಫೋಂಗಾ ಮಾಡುವುದು. ದೊಡ್ಡ ತಪ್ಪು ಮಾಡಿದವನು ನೊಂದವರ ಬಾಗಿಲಲ್ಲಿ ಮನೆತನದ ಮರ್ಯಾದೆಯೆಂದು ಕಾಪಿಡುವ ನಯನೇಯ್ಗೆಯ ಚಾಪೆ ಹೊದ್ದು ತಲೆ ಬಗ್ಗಿಸಿ ಕೂರಬೇಕು. ಅವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಕೊಲೆ, ಹೊಡೆದಾಟಗಳಿಗೆ ಮಾಡುವುದನ್ನು ಯಾರೂ ತೊಟ್ಟಿ ನೀರಿಗೆ ಮಾಡುವುದಿಲ್ಲ. ಕೇಳಿದ್ದರೆ ಸಿಯೇನಿ ಅದನ್ನೇ ಹೇಳುತ್ತಿದ್ದಳು. ಅವಳು ಚರ್ಚಿಗೆ ಹಾಡು ಕಲಿಯಲು ಹೋಗಿದ್ದಳು, ಅವನು ಕೇಳಲಿಲ್ಲ. ಹಾಸಿಗೆಯಡಿ ಮಡಿಸಿಟ್ಟಿದ್ದ ಒಂದು ಚಾಪೆ ಎಳೆದುಕೊಂಡು ಹೋಗಿ ಅಣ್ಣನ ಬಾಗಿಲ ಮುಂದೆ ಮಂಡಿಯೂರಿದ. ಅಂಚೆಯವನು ಬಂದು ಕಾಗದಗಳನ್ನು ಅವನ ಬೆನ್ನ ಮೇಲಿಟ್ಟು ಹೋದ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಚಾಪೆ ಮೇಲೆದ್ದಿತು.

"ಏಳೋ ಹುಚ್ಚಪ್ಪಾ," ಎಂದ ಸೆತೆಫಾನೊ. "ನೀನು ಬಂದು ಒಂದು ಮಾತು ತಪ್ಪಾಯ್ತು ಅನ್ಲಿ ಅಂತ ಕಾಯ್ತಿದ್ದೆ. ಈ ನಾಟಕ ಯಾಕೆ ಬೇಕಿತ್ತು?"

"ತಪ್ಪಾಯ್ತಣ್ಣಾ."

"ಹೂಂ, ಆಯ್ತು. ಮಂಡಿ ನೋಯ್ತಿದ್ಯಾ?"

ಇಬ್ಬರೂ ಬಾಗಿಲಲ್ಲೇ ತಬ್ಬಿಕೊಂಡು ಅತ್ತರು. ಅತ್ತಿಗೆ ಸಪೆತಾ ಹೊರಗೆ ಬಂದು, ಚಾಪೆಯ ಅಂಚನ್ನು ಬೆರಳಲ್ಲಿ ಸವರಿ, "ಆಹಾ, ಎಂಥಾ ನಯ!" ಎಂದು ಅದನ್ನು ಒಪ್ಪವಾಗಿ ಮಡಿಸಿ ಒಳಗೊಯ್ದಳು. ಕ್ಷಮಿಸಿದವರಿಗೆ ಚಾಪೆ ಸೇರುವುದು ಪದ್ಧತಿ. ಆ ಆನಂದದಲ್ಲಿ ಲಫಾಯೆಲೆ ಆ ಕಡೆ ನೋಡಲೂ ಇಲ್ಲ.

ಸಂಜೆ ಸಿಯೇನಿ ಮನೆಗೆ ಬಂದವಳು ಅಡುಗೆಮನೆಯ ಕಿಟಕಿಯಲ್ಲೇ ನಿಂತುಬಿಟ್ಟಳು. ಕೆಳಗಿನ ಮನೆಯ ಜಗಲಿಯಲ್ಲಿ, ಬೀದಿಗೆಲ್ಲ ಕಾಣುವ ಹಾಗೆ, ಸಪೆತಾ ಚಾಪೆಯನ್ನು ಗಾಳಿಗೆ ಹರವಿದ್ದಳು.

"ರೀ, ಅದು ನಮ್ಮಮ್ಮ ನೇಯ್ದಿದ್ದು."

"ಯಾವುದು?"

"ಕಣ್ಣು ಮಂಜಾದ್ಮೇಲೂ ಬೆರಳಲ್ಲೇ ಎಳೆ ಹುಡುಕ್ಕೊಂಡು ನೇಯ್ದಿದ್ದು. ನನಗೆ ಅಂತ. ಅವಳದ್ದು ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ."

ಲಫಾಯೆಲೆ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ. "ಹೋಗಿ ಕೇಳ್ಕೊಂಡು ಬರ್ಲಾ?"

"ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಅದೂ ಆ ಓರಗಿತ್ತಿ ಹತ್ರ?"

ಅವಳು ಬೈಯಲಿಲ್ಲ. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಲಫಾಯೆಲೆ ಮನೆಯೆಲ್ಲ ತಡಕಿದ. ಇನ್ನೊಂದು ಚಾಪೆ ಇರಲಿಲ್ಲ. ಸ್ನಾನದ ಮನೆಯಿಂದ ಒಂದು ಟವೆಲ್ ತಂದು ತಲೆಯ ಮೇಲೆ ಎಳೆದುಕೊಂಡು, ಕೋಣೆಯ ಬಾಗಿಲ ಮುಂದೆ ನೋಯುವ ಮಂಡಿಯನ್ನೇ ಮತ್ತೆ ಊರಿದ.

ಎಷ್ಟೋ ಹೊತ್ತಿಗೆ ಬಾಗಿಲು ಕಿರುಗುಟ್ಟಿತು. ಟವೆಲ್ ಮೆಲ್ಲಗೆ ತಲೆಯಿಂದ ಮೇಲೆದ್ದಿತು. ಲಫಾಯೆಲೆ ಕಣ್ತುಂಬಿಕೊಂಡು ಮುಖ ಎತ್ತಿದ.

"ಇದೂ ನಂದೇ," ಎಂದು ಸಿಯೇನಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ಮುಚ್ಚಿದಳು.