ಶನಿಯ ಬಳೆ ನೋಡಲು ಸಂಘ ಸೇರಿದ್ದು

ಏನನ್ನಾದರೂ ಸುಮ್ಮನೆ ಹೋಗಿ ನೋಡಿ ಬರೋಣವೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ನಡುವೆ ಒಂದು ಸಂಘ ಬಂದು ನಿಲ್ಲುತ್ತದೆ. ನನಗಂತೂ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಕಮರಿಪೇಟೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುವಾಕೆ. ಬರೆಯುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಶನಿಗ್ರಹದ ಸುತ್ತ ಬಳೆಯಂಥದ್ದೊಂದಿದೆ. ಅದು ಬರಿಗಣ್ಣಿಗೆ ಕಾಣದು, ದೂರದರ್ಶಕ, ಅಂದರೆ ಟೆಲಿಸ್ಕೋಪು, ಬೇಕು. ಸಾಲಿಯಲ್ಲಿ ಓದುವಾಗ ಪುಸ್ತಕದಲ್ಲಿ ಅದರ ಚಿತ್ರ ನೋಡಿದಾಗಿನಿಂದ ಒಮ್ಮೆ ಕಣ್ಣಾರೆ ನೋಡುವ ಆಸೆ. ಸಂಕ್ರಾಂತಿ ಮುಗಿದಿತ್ತು. ಇನ್ನೊಂದು ತಿಂಗಳಿಗೆ ಶನಿ ಸಂಜೆಯ ಆಕಾಶದಿಂದ ಮರೆಯಾಗುತ್ತದೆ ಎಂದು ಗೊತ್ತಾಗಿ, ಅವಸರದಲ್ಲಿ ನವನಗರದ ಖಗೋಳ ಸಂಘಕ್ಕೆ ಸೇರಿದೆ.

೧. ಮುಚ್ಚಳ

ಮೊದಲ ಸಂಜೆ ಅಧ್ಯಕ್ಷರ ಮನೆಯ ಮಾಳಿಗೆ ಮೇಲೆ ಸಭೆ. ಅಧ್ಯಕ್ಷರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಸ್ವಾಗತ, ಶಾಲು, ಹಾರ, ಬ್ರಹ್ಮಾಂಡದ ಬಗ್ಗೆ ಒಂದು ತಾಸು ಭಾಷಣ. ಅಷ್ಟೂ ಹೊತ್ತು ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಆಕಾಶದ ಒಂದು ಚಿಕ್ಕಿಯೂ ಕಾಣಲಿಲ್ಲ. ಕೊನೆಗೆ ಟೆಲಿಸ್ಕೋಪು ಹೊರಗೆ ಬಂತು. ಅಧ್ಯಕ್ಷರು ಅದಕ್ಕೆ ಕಣ್ಣಿಟ್ಟು ನಿಂತರು, ಫೋಟೋ ತೆಗೆಸಿಕೊಂಡರು.

"ಸರ್, ಮುಂದಿನ ಮುಚ್ಚಳ ತಗದಿಲ್ರಿ," ಎಂದೆ.

"ಇರಲಿ ಬಿಡ್ರಿ ಅಕ್ಕಾರ, ಫೋಟೋದಾಗ ನಾವು ಕಂಡ್ರ ಸಾಕು."

೨. ಗುರುಬಲ

ಮುಂದಿನ ವಾರ ಮುಚ್ಚಳ ತೆಗೆದರು. ಆದರೆ ತೋರಿಸಿದ್ದು ಗುರುಗ್ರಹವನ್ನು. ಕಾರ್ಯದರ್ಶಿಗಳು, ಅಂದರೆ ಹತ್ತಿ ವ್ಯಾಪಾರ ಮಾಡುವ ಕಾಕಾ, ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣಿಟ್ಟರು. ಹತ್ತು ನಿಮಿಷವಾದರೂ ತೆಗೆಯಲಿಲ್ಲ. ಹಿಂದೆ ಸಾಲು ಬೆಳೆಯಿತು.

"ಸಾಕ ಸರೀರಿ, ಉಳದವರೂ ನೋಡ್ಲಿ," ಎಂದರು ಅಧ್ಯಕ್ಷರು.

"ತಡೀರಿ ಸರ್. ಎರಡ ವರ್ಷದಿಂದ ಮಗಳಿಗೆ ವರಾ ನೋಡಾಕತ್ತೇನಿ. ಗುರುಬಲ ಇಲ್ಲ ಅಂದಾರ. ಇನ್ನೊಂದೀಟು ನೋಡ್ತೇನಿ."

ಅಧ್ಯಕ್ಷರು ನಗುತ್ತಾರೆ ಅಂದುಕೊಂಡೆ. ಅವರು ಗಂಭೀರವಾಗಿ, "ಹಂಗಿದ್ರ ಮಗಳನ್ನ ಕರಕೊಂಡು ಬರಬೇಕಿತ್ರಿ. ನೀವು ನೋಡಿದ್ರ ನಿಮಗ ಇನ್ನೊಂದು ಲಗ್ನ ಆದೀತು!" ಎಂದರು.

೩. ಉಲ್ಟಾ ನೋಟ

"ಶನಿ ಯಾವಾಗ ತೋರಸ್ತೀರಿ?" ಎಂದು ಕೇಳಿದೆ. ಕಾಕಾ ಅಧ್ಯಕ್ಷರ ಕಡೆ ತಿರುಗಿದರು. ಕಾಕಾನಿಗೆ ಸಾಡೇಸಾತಿ ನಡೆದಿತ್ತು. ಸಾಡೇಸಾತಿ ಎಂದರೆ ಏಳೂವರೆ ವರ್ಷದ ಶನಿಕಾಟ.

"ಸರ್, ಇದರಾಗ ಶನಿ ನಮಗ ನೂರು ಪಟ್ಟು ದೊಡ್ಡಾಂವ ಕಾಣ್ತಾನಂತೀರಿ. ಹಂಗಾರ ನಾವೂ ಅವಗ ನೂರು ಪಟ್ಟು ದೊಡ್ಡವರು ಕಾಣೂದಿಲ್ಲೇನ್ರಿ?"

ಮೂವತ್ತು ವರ್ಷ ಪಾಠ ಹೇಳಿದ ಅಧ್ಯಕ್ಷರು ಗಡ್ಡ ಕೆರೆದು ಯೋಚಿಸಿದರು. "ಇಲ್ರೀ. ಉಲ್ಟಾ ಕಡೆಯಿಂದ ನೋಡಿದ್ರ ಸಣ್ಣದು ಕಾಣ್ತದ. ನಾವು ಅವಗ ಭಾಳ ಸಣ್ಣ ಕಾಣ್ತೇವಿ."

"ಸಣ್ಣ ಕಂಡ್ರೂ ಕಾಣ್ತೇವಲ್ರಿ!"

ಆ ಸಂಜೆಯ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು.

೪. ಯಶಸ್ವಿ ವೀಕ್ಷಣೆ

ಆಮೇಲೆ ಶನಿವಾರ ಬೇಡ, ಅದು ಅವನ ವಾರ ಎಂದರು. ಅಮಾವಾಸ್ಯೆಯೂ ಬೇಡ ಎಂದರು. ಚಂದ್ರನ ಬೆಳಕಿಲ್ಲದ ಅಮಾವಾಸ್ಯೆಯೇ ಚಿಕ್ಕಿ ನೋಡಲು ಬಲು ಛಲೋ ಎಂಬುದು ಖಗೋಳ ಸಂಘದವರಿಗೆ ನಾನು, ಹೊಲಿಗೆಯಾಕೆ, ಹೇಳಬೇಕಾಯಿತು. ಅಷ್ಟರಲ್ಲಿ ಶನಿ ದಿನದಿನಕ್ಕೆ ಕೆಳಗಿಳಿದು ಎದುರು ಮನೆಯ ನೀರಿನ ಟಾಕಿಯ ಹತ್ತಿರ ಬಂದಿದ್ದ. "ಇವತ್ತ ತೋರಸ್ಲಿಲ್ಲಂದ್ರ ನಾನ ತಿರಗಸ್ತೇನಿ," ಎಂದು ಟೆಲಿಸ್ಕೋಪಿಗೆ ಕೈ ಹಾಕಿದೆ. ಹೆದರಿ ಒಪ್ಪಿದರು.

ಅಧ್ಯಕ್ಷರು ಶನಿಗೆ ಗುರಿಯಿಟ್ಟು, ನೋಡದೆಯೇ ಪಕ್ಕಕ್ಕೆ ಸರಿದರು. ಕಾಕಾ ಟೆಲಿಸ್ಕೋಪಿನ ಮುಂದೆ ಹೋಗಿ ಏನೋ ಮಣಮಣ ಮಾಡಿ ಬಂದರು. ನನ್ನ ಪಾಳಿ ಬಂತು. ಕಣ್ಣಿಟ್ಟರೆ, ಕಲಸಿದ ಹಳದಿ ಬಿಟ್ಟು ಏನೂ ಇಲ್ಲ.

"ಬಳಿ ಎಲ್ಲೈತ್ರಿ?"

ಕಾಕಾ ನಿಧಾನವಾಗಿ ಹೇಳಿದರು: "ಮುಂದಿನ ಗಾಜಿಗೆ ಎಳ್ಳೆಣ್ಣಿ ಹಚ್ಚೇನ್ರಿ ಅಕ್ಕಾರ. ಅವಗೂ ಶಾಂತಿ ಆತು, ನಾವೂ ಅವನ ಕಣ್ಣಿಗೆ ಬೀಳೂದಿಲ್ಲ."

ಸೆರಗಿನಿಂದ ಒರೆಸಿದೆ. ಎಣ್ಣೆ ಇನ್ನಷ್ಟು ಹರಡಿತು. ಸಾಬೂನು ನೀರು ತರುವಷ್ಟರಲ್ಲಿ ಶನಿ ಟಾಕಿಯ ಹಿಂದೆ ಹೋಗಿಬಿಟ್ಟ. ನಾನು ಕೂಗಾಡುತ್ತಿದ್ದರೆ, ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಸಂಘದ ವರದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಿಂದಿನಿಂದ ಬಗ್ಗಿ ಓದಿದೆ:

"ಶನಿ ವೀಕ್ಷಣೆ ಯಶಸ್ವಿ. ಯಾರಿಗೂ ಏನೂ ಆಗಿಲ್ಲ."