ತುಂಬಿದ ಬಸ್ಸಿನ ಖಾಯಂ ಪ್ರಯಾಣಿಕರು

ಸೇಂಟ್ ಒಡಿಲ್ ದ್ವೀಪದೇಶದಲ್ಲಿ ಬಸ್ಸು ತುಂಬಿದ ಮೇಲೆಯೇ ಹೊರಡುತ್ತದೆ. ಇದು ಕಾನೂನಲ್ಲ. ಕಾನೂನಾಗಿದ್ದರೆ ಯಾರೂ ಪಾಲಿಸುತ್ತಿರಲಿಲ್ಲ.

ಹೊರದೇಶದಿಂದ ಬರುವ ಸಂದರ್ಶಕರಿಗೆಂದು ಸರ್ಕಾರ ಹಂಚುವ ಬಣ್ಣದ ಕರಪತ್ರದಲ್ಲಿ, ವಿಮಾನ ನಿಲ್ದಾಣದಿಂದ ರಾಜಧಾನಿಗೆ ಹೋಗಲು ನಾಲ್ಕು ಅನುಕೂಲಗಳಿವೆ ಎಂದು ಬರೆದಿತ್ತು. ಮೊದಲನೆಯದು ಬಾಡಿಗೆ ಕಾರು. ಅದನ್ನು ಓಡಿಸಲು ಬೇಕಾದ ತಾತ್ಕಾಲಿಕ ಪರವಾನಗಿ ರಾಜಧಾನಿಯಲ್ಲಿ ಸಿಗುತ್ತದೆ. ರಾಜಧಾನಿಗೆ ಬಾಡಿಗೆ ಕಾರಿನಲ್ಲಿ ಹೋಗಬಹುದು. ಎರಡನೆಯದು ಟ್ಯಾಕ್ಸಿ. ಇದು ಸಾರಿಗೆ ಮಂತ್ರಿಗಳ ಭಾವಮೈದುನನದು, ಇದರ ಬಾಡಿಗೆಯು ವಿಮಾನದ ಟಿಕೆಟ್ಟಿಗಿಂತ ಸ್ವಲ್ಪವೇ ಹೆಚ್ಚು. ಮೂರನೆಯದು ದೋಣಿ. ಅದು ಪಕ್ಕದ ದೇಶಕ್ಕೆ ಹೋಗುತ್ತದೆ. ನಾಲ್ಕನೆಯದು ಹಿಲೇರಿಯನ್‌ನ ಮಿನಿಬಸ್ಸು.

ಬಸ್ಸಿನ ಹಣೆಯ ಮೇಲೆ ಕೆಂಪು ಅಕ್ಷರದಲ್ಲಿ ‘ತಾಳ್ಮೆ’ ಎಂದು ಬರೆಸಿದ್ದ ಹಿಲೇರಿಯನ್, ಬಾಗಿಲಿಗೆ ಒರಗಿ ನಿಂತು "ಇನ್ನೊಬ್ರು, ಇನ್ನೊಬ್ರು" ಎಂದು ಕೂಗುತ್ತಿದ್ದ. ಆ ಇನ್ನೊಬ್ಬರು ಬರುವ ತನಕ ಒಳಗಿದ್ದವರು ಬೆವರು ಒರೆಸಿಕೊಳ್ಳುತ್ತಾ, ಹುರಿದ ಉಪ್ಪುಮೀನು ತಿನ್ನುತ್ತಾ, ಊರಿನವರ ಮಾನ ಕಳೆಯುತ್ತಾ ಕೂತಿರುತ್ತಿದ್ದರು. ಯಾರಿಗೂ ಬೇಜಾರಿರಲಿಲ್ಲ. ಒಂದು ಸಲ ಮಾತ್ರ ಒಳಗೆ ಕೂತಿದ್ದ ಪರದೇಶದ ದಂಪತಿಗೆ ರಾಜಧಾನಿಯ ಹಡಗು ತಪ್ಪಿತು. ಅವರು ತಮ್ಮೂರಿನ ಪತ್ರಿಕೆಗೆ ಬರೆದರು. ಪತ್ರಿಕೆ ಮಂತ್ರಿಗಳ ಮೇಜಿಗೆ ಬಂತು. ಮಂತ್ರಿಗಳು ಸಂದರ್ಶಕ ಸಂಚಾರ ಸೌಕರ್ಯ ಇಲಾಖೆಯ ಅಧಿಕಾರಿ ಎವರಾರ್ಡ್ ಪಾಸ್ಕಲ್ ಅವರನ್ನು ಸ್ಥಳ ತನಿಖೆಗೆ ಕಳಿಸಿದರು.

"ಬಸ್ಸು ಯಾಕಪ್ಪಾ ಹೊರಡೋದಿಲ್ಲ?" ಎಂದರು ಪಾಸ್ಕಲ್.

"ತುಂಬಿಲ್ಲ ಸಾರ್."

"ತುಂಬಿದ್ರೆ?"

"ಆವಾಗ ನೀವು ಅಡ್ಡ ನಿಂತರೂ ಹೊರಡುತ್ತೆ."

"ಹಾಗಾದ್ರೆ ತಪ್ಪು ಬಸ್ಸಿಂದಲ್ಲ," ಎಂದು ಪಾಸ್ಕಲ್ ಕನ್ನಡಕ ತೆಗೆದು ಒರೆಸಿದರು. "ಜನರ ಕೊರತೆ. ಇದನ್ನ ಸರ್ಕಾರ ತುಂಬಿಕೊಡಬಹುದು."

ಮುಂದಿನ ವಾರ ಪ್ರಕಟಣೆ ಹೊರಬಿತ್ತು. ‘ಸಂದರ್ಶಕರು ಕಾಯುವುದನ್ನು ತಪ್ಪಿಸುವ ದೃಷ್ಟಿಯಿಂದ, ಬಸ್ಸನ್ನು ಸದಾ ತುಂಬಿದ ಸ್ಥಿತಿಯಲ್ಲಿಡಲು ಖಾಯಂ ಪ್ರಯಾಣಿಕರನ್ನು ನೇಮಿಸಿಕೊಳ್ಳಲಾಗುವುದು. ಅಭ್ಯರ್ಥಿಗೆ ಎಲ್ಲಿಗೂ ಹೋಗಬೇಕಾದ ಅಗತ್ಯ ಇರತಕ್ಕದ್ದಲ್ಲ. ಕರ್ತವ್ಯದ ಅವಧಿಯಲ್ಲಿ ದಾರಿಮಧ್ಯೆ ಇಳಿಯತಕ್ಕದ್ದಲ್ಲ. ಕಿಟಕಿಯಾಚೆಯ ದೃಶ್ಯಗಳು ಸಂದರ್ಶಕರಿಗೆ ಮೀಸಲಾಗಿರುವುದರಿಂದ ನೋಡತಕ್ಕದ್ದಲ್ಲ.’

ಆಯ್ಕೆ ಅತ್ಯಂತ ಪಾರದರ್ಶಕವಾಗಿ ನಡೆಯಿತು. ಮಂತ್ರಿಗಳ ದೊಡ್ಡಪ್ಪ, ಅವರ ಹೆಂಡತಿಯ ಅಕ್ಕತಂಗಿಯರು, ಆ ಅಕ್ಕತಂಗಿಯರ ಗಂಡಂದಿರು, ಚುನಾವಣೆಯಲ್ಲಿ ಡೋಲು ಬಾರಿಸಿದವರು, ಎಲ್ಲರೂ ಆಯ್ಕೆಯಾದರು. ಒಂದು ಸೀಟನ್ನಾದರೂ ಸಂದರ್ಶಕರಿಗೆ ಬಿಡಬೇಕಲ್ಲವೇ ಎಂದು ಇಲಾಖೆಯಲ್ಲಿ ಯಾರೋ ಕೇಳಿದರಂತೆ. ಒಂದು ಸೀಟು ಬಿಟ್ಟರೆ ಬಸ್ಸು ತುಂಬಿದಂತಾಗುವುದಿಲ್ಲ, ತುಂಬದಿದ್ದರೆ ಹೊರಡುವುದಿಲ್ಲ ಎಂದು ಪಾಸ್ಕಲ್ ತಿಳಿಹೇಳಿ, ಆ ಸೀಟಿಗೆ ತಮ್ಮ ಷಡ್ಡಕನನ್ನು ಕೂರಿಸಿದರು.

ಮೊದಲ ದಿನ ವಿಮಾನ ಇಳಿದ ಹೊತ್ತಿಗೆ ಸರಿಯಾಗಿ ‘ತಾಳ್ಮೆ’ ಹೊರಟಿತು. ಸಂದರ್ಶಕರು ಪೆಟ್ಟಿಗೆ ಹಿಡಿದು ನಿಂತು ನೋಡಿದರು. ಆಮೇಲೆ ನಡೆಯತೊಡಗಿದರು. ಬಸ್ಸಿನಲ್ಲಿ ಕಾದು ಕಾದು ಸಾಕಾಯಿತು ಎಂಬ ದೂರು ಅಂದಿನಿಂದ ಒಂದೂ ಬರಲಿಲ್ಲ.

ಹಿಲೇರಿಯನ್‌ಗೂ ನಷ್ಟವೇನಿರಲಿಲ್ಲ, ಎಲ್ಲ ಸೀಟಿನ ದುಡ್ಡು ಸರ್ಕಾರವೇ ಕೊಡುತ್ತಿತ್ತು. ಅವನ ಚಿಂತೆ ಒಂದೇ, ಮಾ ಫಿಲೋ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ದೀಕ್ಷಾಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವಳೂ ಅವಳೇ, ಆದ್ದರಿಂದ ಅವನಿಗೆ ಅವಳು ‘ನೆನೆನ್’, ಅಂದರೆ ಧರ್ಮತಾಯಿ. ಅರ್ಧ ದಾರಿಯಲ್ಲಿ, ದೊಡ್ಡ ಜೀಗುಜ್ಜೆ ಮರದ ತಿರುವಿನಲ್ಲಿ ಅವಳ ಮನೆ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಪೊರೆ ತೆಗೆಯುವ ಡಾಕ್ಟರ್ ಅನ್ಸೆಲ್ಮೊ ಕ್ಯೂಬಾದಿಂದ ವರ್ಷಕ್ಕೊಮ್ಮೆ, ಒಂದು ಶುಕ್ರವಾರ ರಾಜಧಾನಿಯ ಆಸ್ಪತ್ರೆಗೆ ಬಂದು ಸಂಜೆಗೆ ಹಿಂದಿರುಗುತ್ತಿದ್ದರು. ಈ ಸಲ ಅವಳ ಸರದಿ.

"ನಮ್ಮ ನೆನೆನ್‌ನ ಒಂದಿನ ಹತ್ತಿಸ್ಕೊಳ್ತೀನಿ ಸಾರ್," ಎಂದು ಹಿಲೇರಿಯನ್ ಇಲಾಖೆಗೆ ಹೋಗಿ ಕೈಮುಗಿದ.

"ಆಕೆಗೆ ಹೋಗಬೇಕಾದ ಜಾಗ ಏನಾದ್ರೂ ಇದೆಯಾ?"

"ಆಸ್ಪತ್ರೆ ಸಾರ್."

"ಹಾಗಾದ್ರೆ ಅನರ್ಹಳು."

ಶುಕ್ರವಾರ ವಿಮಾನದಿಂದ ಡಾಕ್ಟರ್ ಅನ್ಸೆಲ್ಮೊ ಇಳಿದರು. ಆಸ್ಪತ್ರೆಯ ಜೀಪು ಮಂತ್ರಿಗಳ ಮನೆಗೆ ಸಿಮೆಂಟು ಸಾಗಿಸುವ ತುರ್ತಿನಲ್ಲಿತ್ತು. ಅವರು ಬಸ್ಸಿನ ಹತ್ತಿರ ಬಂದು ಒಳಗೆ ಇಣುಕಿದರು.

"ಯಾರಾದ್ರೂ ಒಬ್ರು ಇಳೀರಪ್ಪಾ," ಎಂದ ಹಿಲೇರಿಯನ್. "ಡಾಕ್ಟ್ರು."

"ಇಳಿಯೋ ಹಾಗಿಲ್ಲವಲ್ಲ," ಎಂದರು ಮಂತ್ರಿಗಳ ದೊಡ್ಡಪ್ಪ, ದೃಶ್ಯ ಕಾಣದಂತೆ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು. "ನಂಗೇನು ಕೂರೋಕೆ ಆಸೇನಾ? ಸೊಂಟ ಬಿದ್ದುಹೋಗಿದೆ. ಡ್ಯೂಟಿ ಅಂದ್ರೆ ಡ್ಯೂಟಿ."

ಡಾಕ್ಟರು ನಡೆದರು. ಜೀಗುಜ್ಜೆ ಮರದ ಕೆಳಗೆ ಮಾ ಫಿಲೋ ಒಗೆದ ಬಿಳಿ ಲಂಗ ತೊಟ್ಟು, ಇಗರ್ಜಿಯ ಹ್ಯಾಟು ಹಾಕಿಕೊಂಡು ನಿಂತಿದ್ದಳು. ಬಸ್ಸಿನ ಸದ್ದಿಗೆ ಕೈ ಚಾಚಿದಳು. ಹಿಲೇರಿಯನ್ ಬ್ರೇಕು ಹಾಕಿದ. "ಟೈಮು, ಟೈಮು" ಎಂದು ಹಿಂದಿನಿಂದ ಗದ್ದಲವೆದ್ದಿತು. ಅವಳ ಕೈ ಬಾಗಿಲಿಗೆ ಸಿಗುವ ಮೊದಲೇ ಬಸ್ಸು ಮುಂದೆ ಹೋಯಿತು.

ವಾಪಸು ಬರುವಾಗ ನೋಡಿದರೆ ಡಾಕ್ಟರು ಆ ಮರದ ಕೆಳಗೇ ಕೂತು, ಬೂಟು ಕಳಚಿ, ಮಾ ಫಿಲೋ ಕೊಟ್ಟ ಸುಟ್ಟ ಜೀಗುಜ್ಜೆ ತಿನ್ನುತ್ತಿದ್ದರು. ಅವಳ ಕಣ್ಣರೆಪ್ಪೆ ಎತ್ತಿ ನೋಡಿದ್ದರು.

"ಪೊರೆ ತೆಗೆಯೋಕೆ ಬರೀ ಅರ್ಧ ಗಂಟೆ ಸಾಕು," ಎಂದು ಹಿಲೇರಿಯನ್‌ಗೆ ಹೇಳಿದರು. "ಆದ್ರೆ ಮರದ ಕೆಳಗೆ ಮಾಡೋಕಾಗಲ್ಲ ನೋಡಪ್ಪಾ."

ಅವರು ರಾಜಧಾನಿ ಮುಟ್ಟದೆಯೇ ವಿಮಾನ ಹಿಡಿಯಲು ಹಿಂದಕ್ಕೆ ನಡೆದರು. ಇಲಾಖೆ ಹೊಸ ಕರಪತ್ರ ಅಚ್ಚು ಹಾಕಿಸಿತು. ‘ಕಾಲ್ನಡಿಗೆ: ವೈದ್ಯರೂ ಮೆಚ್ಚಿದ್ದು.’

ಅಷ್ಟರಲ್ಲಿ ದೊಡ್ಡಪ್ಪನಿಗೆ ಹಿರಿಯ ಖಾಯಂ ಪ್ರಯಾಣಿಕರಾಗಿ ಬಡ್ತಿ ಸಿಕ್ಕಿತು. ಬಡ್ತಿ ಸಿಕ್ಕವರು ಮನೆಯಲ್ಲೇ ಪ್ರಯಾಣಿಸಬಹುದು. ಒಂದು ಸೀಟು ಖಾಲಿಯಾಯಿತು. ಹಿಲೇರಿಯನ್‌ಗೆ ಉಪಾಯ ಹೊಳೆಯಿತು.

"ನೀನು ಅರ್ಜಿ ಹಾಕು ನೆನೆನ್. ಮುಂದಿನ ವರ್ಷ ಡಾಕ್ಟ್ರು ಬಂದ ದಿನ ಆಸ್ಪತ್ರೆ ಬಾಗಿಲಲ್ಲೇ ಬಸ್ಸು ಕೆಡಿಸ್ತೀನಿ. ಇಳಿದುಬಿಡು."

"ಕೆಟ್ಟ ಬಸ್ಸನ್ನ ಇನ್ನೇನು ಕೆಡಿಸ್ತೀಯೋ," ಎಂದಳು ಅವಳು. ಆದರೂ ಹೋದಳು.

ಸಂದರ್ಶನದಲ್ಲಿ ಪಾಸ್ಕಲ್ ಕೇಳಿದರು, "ತಮಗೆ ಎಲ್ಲಿಗಾದ್ರೂ ಹೋಗಬೇಕು ಅಂತ ಇದೆಯಾ?"

"ಈ ವಯಸ್ಸಲ್ಲಿ ಎಲ್ಲಿಗಪ್ಪಾ ಹೋಗ್ಲಿ? ಮೇಲಕ್ಕೆ. ಅದಕ್ಕೆ ಬಸ್ಸು ಬೇಡ."

"ದೃಶ್ಯ ನೋಡುವ ಚಟ?"

"ನಿನ್ನ ಮುಖಾನೇ ಕಾಣಲ್ಲ, ದೃಶ್ಯ ಎಲ್ಲಿಂದ ಬಂತು?"

ಪಾಸ್ಕಲ್ ಎದ್ದು ನಿಂತು ಅವಳ ಕೈಕುಲುಕಿದರು. ಇಷ್ಟು ಅರ್ಹ ಅಭ್ಯರ್ಥಿಯನ್ನು ಇಲಾಖೆ ಅದುವರೆಗೆ ಕಂಡಿರಲಿಲ್ಲ. ಮಾ ಫಿಲೋಗೆ ಕಿಟಕಿ ಪಕ್ಕದ ಸೀಟು, ಮೆತ್ತನೆ ದಿಂಬು, ಭಾನುವಾರ ಕೋಳಿ ಭತ್ಯೆ ಸಿಕ್ಕಿತು. ಸ್ವಾತಂತ್ರ್ಯ ದಿನದಂದು ಅತ್ಯುತ್ತಮ ಪ್ರಯಾಣಿಕಳೆಂದು ಪದಕವನ್ನೂ ತೊಡಿಸಿದರು. ಅವಳ ಮುರುಕು ಮಾಡಿಗೆ ಹೊಸ ತಗಡು ಬಂತು. ಇಗರ್ಜಿಯಲ್ಲಿ ಪಾದ್ರಿಗಳು ಅವಳಿಗೆ ಮುಂದಿನ ಬೆಂಚು ಬಿಟ್ಟುಕೊಟ್ಟರು.

ವರ್ಷ ಕಳೆದು ಆ ಶುಕ್ರವಾರ ಬಂತು. ಹಿಲೇರಿಯನ್ ಆಸ್ಪತ್ರೆಯ ಬಾಗಿಲಲ್ಲಿ ಬಸ್ಸು ನಿಲ್ಲಿಸಿ, ಬಾನೆಟ್ ಎತ್ತಿ, ಎಲ್ಲರಿಗೂ ಕೇಳುವಂತೆ ಇಂಜಿನ್ನಿಗೆ ಬೈದ. ಆಮೇಲೆ ಕಿಟಕಿಗೆ ಬಂದು ಪಿಸುಗುಟ್ಟಿದ.

"ಇಳಿ ನೆನೆನ್. ಡಾಕ್ಟ್ರು ನಡ್ಕೊಂಡು ಬರ್ತಿದಾರಂತೆ. ಈ ಸಲ ರಾತ್ರಿ ಇಲ್ಲೇ ಉಳೀತಾರಂತೆ."

ಮಾ ಫಿಲೋ ಅಲ್ಲಾಡಲಿಲ್ಲ. ಪದಕವನ್ನು ಶಾಲಿನ ತುದಿಯಿಂದ ಒರೆಸುತ್ತಿದ್ದಳು.

"ಇಳಿದ್ರೆ ಕೆಲಸ ಹೋಗುತ್ತೆ ಕಣೋ."

"ಕಣ್ಣು ಬರುತ್ತಲ್ಲಾ!"

"ಕಣ್ಣು ಬಂದ್ರೂ ಕೆಲಸ ಹೋಗುತ್ತೆ. ಕಿಟಕಿ ಪಕ್ಕ ಕೂತು ಕಾಣೋ ಕಣ್ಣಲ್ಲಿ ನೋಡದೇ ಇರೋದು ನನ್ನ ಕೈಲಾಗದ ಮಾತು."

"ನಿಂಗೆ ಕಣ್ಣು ಬೇಡ್ವಾ ನೆನೆನ್?"

"ಬೇಕಪ್ಪಾ, ಯಾಕೆ ಬೇಡ? ನಿವೃತ್ತಿ ಆಗ್ಲಿ. ಆವಾಗ ಆರಾಮಾಗಿ ನೋಡಿದ್ರಾಯ್ತು." ಅವಳು ದಿಂಬನ್ನು ಸರಿಮಾಡಿಕೊಂಡಳು. "ಬಾನೆಟ್ ಮುಚ್ಚು. ಟೈಮು ಆಯ್ತು."

"ಟೈಮು, ಟೈಮು," ಎಂದರು ಉಳಿದವರು.

ಹಿಲೇರಿಯನ್ ಇಂಜಿನ್ನಿಗೆ ಇನ್ನೊಮ್ಮೆ ಬೈದ. ಆಮೇಲೆ ಬಾನೆಟ್ ಮುಚ್ಚಿದ. ಪೇಟೆಯಲ್ಲಿ ಒಂದು ಸುತ್ತು ಹಾಕಿ ವಿಮಾನ ನಿಲ್ದಾಣದ ದಾರಿ ಹಿಡಿದ. ಜೀಗುಜ್ಜೆ ಮರದ ತಿರುವು ಬರುವಾಗ ಎದುರಿನಿಂದ, ರಸ್ತೆಯ ನಡುಮಧ್ಯೆ, ಚೀಲ ಹೊತ್ತ ಸಂದರ್ಶಕರ ಸಾಲು ಬರುತ್ತಿತ್ತು. ಹಿಲೇರಿಯನ್ ಗಾಡಿ ನಿಧಾನ ಮಾಡಿದ.

"ಯಾಕೋ ನಿಧಾನ?" ಎಂದಳು ಮಾ ಫಿಲೋ. "ಯಾರದು?"

"ಡಾಕ್ಟ್ರು, ನೆನೆನ್. ಕೈ ಬೀಸ್ತಿದಾರೆ."

"ಅಯ್ಯೋ ಪಾಪ, ಈ ಉರಿಬಿಸಿಲಲ್ಲಿ," ಎಂದು ಅವಳು ನಿಜವಾಗಿಯೂ ಮರುಗಿದಳು. "ಹಾರ್ನ್ ಹೊಡಿ, ಪಕ್ಕಕ್ಕೆ ಸರೀಲಿ."